ರೇಡಿಯೊ ಸಂಘಕ್ಕೆ ಹತ್ತು ಹುಡುಗಿಯರು

ಲೊರೀನ್ ವಾವ್ರಾ ಪ್ಲಮ್ ಫೋರ್ಕ್ ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ರಸಾಯನಶಾಸ್ತ್ರ ಕಲಿಸಿದಳು. ಗಾಜಿನ ಸಾಮಾನು ಒಡೆದ ಮಕ್ಕಳಿಗೆ ಬೈಯುತ್ತಿರಲಿಲ್ಲ. ಎಷ್ಟು ಚೂರಾಯಿತೆಂದು ಎಣಿಸಿ ಬರೆದುಕೊಂಡು ಬಾ ಅನ್ನುತ್ತಿದ್ದಳು. ಎಣಿಸುವಷ್ಟರಲ್ಲಿ ಒಡೆದವನಿಗೇ ಬುದ್ಧಿ ಬರುತ್ತಿತ್ತು. ನೆಬ್ರಾಸ್ಕಾದ ಆ ಊರಿನಲ್ಲಿ ಅವಳ ಮಾತು ಬಂದಾಗ ಹಳಬರು ಈ ಮೂವತ್ತೊಂದು ವರ್ಷವನ್ನು ಪಕ್ಕಕ್ಕಿಟ್ಟು, ಅವಳಿನ್ನೂ ವಿದ್ಯಾರ್ಥಿನಿಯಾಗಿದ್ದ ೧೯೪೪ರ ಚಳಿಗಾಲದ ಸುದ್ದಿಯನ್ನೇ ತೆಗೆಯುತ್ತಿದ್ದರು. ಆ ಚಳಿಗಾಲದಲ್ಲಿ ಅವಳು ಒಂದು ಮೋಸ ಮಾಡಿದ್ದಳು, ಅದನ್ನೂ ಅಚ್ಚುಕಟ್ಟಾಗಿಯೇ ಮಾಡಿದ್ದಳು.

ಆಗ ಶಾಲೆಯ ಕೊನೆಯ ತರಗತಿಯಲ್ಲಿ ಇಪ್ಪತ್ತೇಳು ಹುಡುಗಿಯರು, ಹನ್ನೊಂದು ಹುಡುಗರು. ಹದಿನೆಂಟು ತುಂಬಿದ ಹುಡುಗರು ಒಬ್ಬೊಬ್ಬರಾಗಿ ಯುದ್ಧಕ್ಕೆ ಹೋಗುತ್ತಿದ್ದುದರಿಂದ ಸಂಘಗಳೆಲ್ಲ ಸೊರಗಿದ್ದವು. ಸಂಘ ಮುಚ್ಚುವುದೆಂದರೆ ಲೊರೀನಳಿಗೆ ಮನೆಯ ಒಂದು ಕಿಟಕಿಗೆ ಹಲಗೆ ಬಡಿದಂತೆ. ಯಾವುದಕ್ಕೆ ಜನ ಸಾಲದೋ ಅದಕ್ಕೆ ಹೋಗಿ ಹೆಸರು ಬರೆಸುತ್ತಿದ್ದಳು. ಬೇಸಾಯ ಸಂಘದಲ್ಲಿ ಹಂದಿಮರಿ ತೂಗಿದಳು. ಸಿನಿಮಾ ಯಂತ್ರದ ಸಂಘದಲ್ಲಿ ಕಡಿದ ರೀಲು ಅಂಟಿಸಿದಳು. ಗಾಯನ ಮಂಡಳಿಯಲ್ಲಿ ಗಂಡುದನಿಯ ಸಾಲು ಖಾಲಿಯಾದಾಗ ಗಂಟಲು ತಗ್ಗಿಸಿ ಅಲ್ಲಿಯೂ ನಿಂತಳು. ಇವೆಲ್ಲಕ್ಕಿಂತ ಅವಳ ಜೀವ ಅಂಟಿಕೊಂಡಿದ್ದುದು ರೇಡಿಯೊ ಸಂಘಕ್ಕೆ.

ಅದನ್ನು ಕಟ್ಟಿದವನು ಅವಳ ಅಣ್ಣ ಎಮಿಲ್. ಮೂರನೆಯ ಮಹಡಿಯ ಮೂಲೆಯ ಕೋಣೆಯನ್ನು ಕೇಳಿ ಪಡೆದು, ಸೂರಿನ ಮೇಲೆ ತಾನೇ ಹತ್ತಿ ತಾಮ್ರದ ತಂತಿ ಎಳೆದು, ಸಂತೆಯಲ್ಲಿ ಸಿಕ್ಕ ಬಿಡಿಭಾಗಗಳಿಂದ ಯಂತ್ರ ಜೋಡಿಸಿದ್ದ. ಯುದ್ಧ ಶುರುವಾದೊಡನೆ ಖಾಸಗಿಯವರು ರೇಡಿಯೊದಲ್ಲಿ ಸಂದೇಶ ಕಳಿಸಬಾರದೆಂದು ಸರ್ಕಾರದ ಆಜ್ಞೆಯಾಯಿತು. ಎಮಿಲ್ ಸೈನ್ಯದ ಸಂದೇಶ ವಿಭಾಗ ಸೇರಿ ಹೋದ. ಉಳಿದದ್ದು ಕೇಳುವ ಪೆಟ್ಟಿಗೆ, ಮೋರ್ಸ್ ಸಂಕೇತ ಅಭ್ಯಾಸ ಮಾಡಲು ಒಂದು ಕುಟ್ಟುಕೀಲಿ, ಕುಟ್ಟಿದರೆ ಗುಂಯ್ಗುಡುವ ಬಜರ್. ಎಲ್ಲಿಂದಲೋ ಬರುತ್ತಿದ್ದ ಅವನ ಕಾಗದಗಳಲ್ಲಿ ಊರಿನ ಹೆಸರಿಗೆ ಸೈನ್ಯದವರು ಕತ್ತರಿ ಹಾಕಿರುತ್ತಿದ್ದರು. ಒಂದು ಸಾಲು ಮಾತ್ರ ಪ್ರತಿ ಸಲವೂ ಇರುತ್ತಿತ್ತು: ಕೋಣೆ ಬಿಟ್ಟುಕೊಡಬೇಡ, ಬಂದ ಮೇಲೆ ನನಗೆ ಕೂರಲು ಒಂದು ಜಾಗ ಬೇಕು.

ಜನವರಿಯಲ್ಲಿ ಮುಖ್ಯೋಪಾಧ್ಯಾಯ ಟಿಲ್ಲಟ್ಸನ್ ಅವರು ಹೊಸ ನಿಯಮ ಓದಿ ಹೇಳಿದರು. ಫಿಲ್ಮ್ ಸಿಗುತ್ತಿಲ್ಲ, ಕಾಗದ ಸಿಗುತ್ತಿಲ್ಲ. ವಾರ್ಷಿಕ ಸಂಚಿಕೆಗೆ ಒಂದು ಸಂಘಕ್ಕೆ ಒಂದೇ ಫೋಟೊ. ಮಾರ್ಚ್ ಮೊದಲ ಶುಕ್ರವಾರ ಫೋಟೊ ತೆಗೆಯುವಾಗ ಹತ್ತು ಸದಸ್ಯರು ಕಣ್ಣೆದುರು ನಿಲ್ಲದ ಸಂಘ ಅಲ್ಲಿಗೆ ಮುಗಿದಂತೆ. ಅದರ ಕೋಣೆ ಬೇರೆಯವರಿಗೆ, ಅದರ ಲೋಹ ಯುದ್ಧದ ಗುಜರಿಗೆ. ರೇಡಿಯೊ ಸಂಘದಲ್ಲಿ ಆಗ ಇದ್ದವಳು ಲೊರೀನ್ ಒಬ್ಬಳೇ.

ಕೋಣೆಯ ಮೇಲೆ ಕಣ್ಣಿಟ್ಟಿದ್ದವಳು ಪರಕೀಯಳೇನಲ್ಲ, ಅವಳ ಜೊತೆ ದಿನಾ ಊಟಕ್ಕೆ ಕೂರುವ ಹೆಟ್ಟಿ ಸ್ಟ್ರೋ. ಹೆಟ್ಟಿಯ ರೆಡ್ ಕ್ರಾಸ್ ಸಂಘದ ಹುಡುಗಿಯರು ತಲೆಗೆ ಬಿಳಿ ಬಟ್ಟೆ ಸುತ್ತಿಕೊಂಡು, ಎಲೆಕೋಸು ನಾರುವ ಊಟದ ಮನೆಯ ಮೂಲೆಯಲ್ಲಿ ಗಾಯಕ್ಕೆ ಕಟ್ಟುವ ಪಟ್ಟಿಗಳನ್ನು ಮಡಿಸುತ್ತಿದ್ದರು. ಅವರಿಗೆ ಶುದ್ಧವಾದ ಜಾಗ ಬೇಕಿತ್ತು.

ಹೆಟ್ಟಿ ತನ್ನ ಬ್ರೆಡ್ಡಿನ ಅರ್ಧ ಮುರಿದು ಕೊಡುತ್ತ ಹೇಳಿದಳು: "ಹತ್ತು ಜನ ಸಿಕ್ಕಿದ್ರೆ ಕೋಣೆ ನಿಂದು. ಸಿಗದಿದ್ರೆ ಬೀಗದ ಕೈ ನಂದು. ಆಮೇಲೆ ಮುಖ ಊದಿಸ್ಕೊಂಡು ಓಡಾಡ್ಬಾರ್ದು, ನೋಡು."

ಲೊರೀನ್ ಒಪ್ಪಿದಳು. ಆದರೆ ಹುಡುಗಿಯರು ಸಿಗಬೇಕಲ್ಲ. ಕೇಳಿದವರೆಲ್ಲ ನಕ್ಕರು. ಓಪಲ್ ಡ್ರೂರಿ ಎಂಬವಳಂತೂ ಬಾಚಣಿಗೆಯನ್ನು ಕೂದಲಿನಿಂದ ತೆಗೆಯದೆಯೇ ಉತ್ತರ ಕೊಟ್ಟಳು. "ಬಾಯಿ ಹೊಲಿದಿರೋ ರೇಡಿಯೊ ಮುಂದೆ ಕೂತು ನಾನೇನ್ ಮಾಡ್ಲಿ? ತೂಕಡಿಸೋಕೆ ಇತಿಹಾಸದ ಕ್ಲಾಸ್ ಇದೆಯಲ್ಲ."

ಆ ಬಾಚಣಿಗೆ ನೋಡುತ್ತ ನಿಂತಾಗಲೇ ಲೊರೀನಳಿಗೆ ದಾರಿ ಹೊಳೆದದ್ದು. ಫೆಬ್ರವರಿ ಕೊನೆಗೆ ಬಿರುದಿನ ಚುನಾವಣೆ ಇತ್ತು. ಪ್ರತಿ ವರ್ಷ ಕೊನೆಯ ತರಗತಿಯವರು ಚೀಟಿ ಬರೆದು ತಮ್ಮಲ್ಲೇ ಹತ್ತು ಬಿರುದು ಹಂಚಿಕೊಳ್ಳುವುದು ಪದ್ಧತಿ: ಚೆಂದದ ಕಣ್ಣು, ಒಳ್ಳೆಯ ನಗು, ಮಾತಿನ ಮಲ್ಲರು, ಮುಂದೆ ಹೆಸರು ಮಾಡುವವರು, ಹೀಗೆ. ಒಂದೊಂದಕ್ಕೂ ಒಬ್ಬ ಹುಡುಗ, ಒಬ್ಬ ಹುಡುಗಿ; ಗೆದ್ದವರ ಫೋಟೊ ವಾರ್ಷಿಕ ಸಂಚಿಕೆಯಲ್ಲಿ ಬರುತ್ತಿತ್ತು. ಒಬ್ಬರಿಗೆ ಎರಡು ಬಿರುದಿಲ್ಲ. ಹುಡುಗರಿಗೆ ಆ ವರ್ಷ ಸ್ಪರ್ಧೆಯೇ ಇರಲಿಲ್ಲ. ಚುನಾವಣೆಯ ಹೊತ್ತಿಗೆ ಇನ್ನಿಬ್ಬರು ಸೈನ್ಯಕ್ಕೆ ಹೋಗಿ ಒಂಬತ್ತೇ ಜನ ಉಳಿಯುವವರಿದ್ದರು. ಹಾಗಾಗಿ ಎಲ್ಲರಿಗೂ ಒಂದೊಂದು ಖಂಡಿತ, ಮೆಟ್ಟಿಲು ಹತ್ತಿದರೆ ಉಬ್ಬಸ ಬರುವ ಹುಡುಗನಿಗೆ 'ಆಟದಲ್ಲಿ ಮುಂದು' ಸಿಗುವಷ್ಟು. ಹುಡುಗಿಯರಲ್ಲಿ ಮಾತ್ರ ಹತ್ತು ಬಿರುದಿಗೆ ಇಪ್ಪತ್ತೇಳು ಆಸೆಗಳಿದ್ದವು.

ಲೊರೀನ್ ಲೆಕ್ಕ ಹಾಕಿದಳು. ಒಟ್ಟು ಮೂವತ್ತಾರು ಚೀಟಿ. ಎಲ್ಲರೂ ತಮತಮಗೆ ತೋಚಿದಂತೆ ಬರೆದರೆ ಆರೇಳು ಚೀಟಿ ಸಿಕ್ಕವಳೇ ಗೆಲ್ಲುತ್ತಾಳೆ. ಹತ್ತು ಜನ ಮೊದಲೇ ಮಾತಾಡಿಕೊಂಡು ಬರೆದರೆ ಅವರು ಹೇಳಿದವಳೇ ಗೆಲ್ಲುತ್ತಾಳೆ. ಒಂಬತ್ತು ಹುಡುಗಿಯರನ್ನು ಬೇರೆಬೇರೆಯಾಗಿ ಕಂಡು, ಯಾರಿಗೆ ಯಾವ ಬಿರುದು ಬೇಕೆಂದು ಕೇಳಿ ಗೊತ್ತುಮಾಡಿಕೊಂಡಳು. ಷರತ್ತು ಒಂದೇ. ದಿನವೂ ಊಟವಾದ ಮೇಲೆ ಇಪ್ಪತ್ತು ನಿಮಿಷ ರೇಡಿಯೊ ಕೋಣೆಯಲ್ಲಿ ಕೂರಬೇಕು, ಫೋಟೊಗೆ ನಿಲ್ಲಬೇಕು.

ಓಪಲ್ ಕೇಳಿದ್ದು ಚೆಂದದ ಕಣ್ಣು. ಐದು ವರ್ಷದ ಹಿಂದೆ ಅವಳ ಅಕ್ಕ ಆ ಬಿರುದು ಪಡೆದಿದ್ದಳು. ಅಕ್ಕನ ಫೋಟೊ ಚೌಕಟ್ಟು ಹಾಕಿಸಿಕೊಂಡು ಅವರ ಮನೆಯ ಗೋಡೆಯ ಮೇಲಿತ್ತು, ಮನೆಗೆ ಬಂದವರೆಲ್ಲ ಮೊದಲು ಅದನ್ನು ನೋಡಿ ಆಮೇಲೆ ಓಪಲ್ ಕಡೆ ತಿರುಗುತ್ತಿದ್ದರು.

ಮೊದಲ ವಾರ ಹುಡುಗಿಯರು ಆಕಳಿಸುತ್ತ, ಉಗುರು ನೋಡಿಕೊಳ್ಳುತ್ತ ಕೂತರು. ಎರಡನೆಯ ವಾರ ಅವರವರ ಹೆಸರು ಕುಟ್ಟುವುದು ಬಂತು. ಮೂರನೆಯ ವಾರ ಯಾರೋ ಕೋಣೆಯ ಹಬೆಕೊಳವೆಗೆ ಪೆನ್ಸಿಲ್ ತಾಗಿಸಿ ಕುಟ್ಟಿದಾಗ, ಕೆಳಗಿನ ಮಹಡಿಯಲ್ಲಿದ್ದವಳಿಗೆ ಅದು ಸ್ಪಷ್ಟವಾಗಿ ಕೇಳಿಸಿತು. ಕಬ್ಬಿಣದಲ್ಲಿ ಸದ್ದು ಗಾಳಿಗಿಂತ ಚೆನ್ನಾಗಿ ಸಾಗುತ್ತದೆಂದು ಪುಸ್ತಕದಲ್ಲಿ ಓದಿ ಮರೆತಿದ್ದವರು ಈಗ ಅದನ್ನು ಉಪಯೋಗಕ್ಕೆ ತಂದರು. ಇಡೀ ಶಾಲೆಯನ್ನು ಬೆಚ್ಚಗಿಡುವ ಕೊಳವೆಗಳ ಮೂಲಕ, ಲ್ಯಾಟಿನ್ ಕ್ಲಾಸಿನಿಂದ ಅಡುಗೆ ಕ್ಲಾಸಿಗೆ, ಇವತ್ತು ಪೀಚ್ ಹಣ್ಣಿನ ಸಿಹಿ ಇದೆಯೇ ಎಂಬ ಪ್ರಶ್ನೆ ಹೋಗಿ ಉತ್ತರ ಬರತೊಡಗಿತು. ಕೊಳವೆಯಲ್ಲಿ ಗಾಳಿ ಸೇರಿದೆಯೆಂದು ಜವಾನ ಎರಡು ಸಲ ತಿರುಪು ಸಡಿಲಿಸಿ ನೋಡಿದ. ಎಲ್ಲರಿಗಿಂತ ಬೇಗ ಕಲಿತವಳು ಓಪಲ್. ಎಡಗೈಯವಳು. ಉಂಗುರದಿಂದ ಕುಟ್ಟುತ್ತಿದ್ದಳು, ಮಳೆಹನಿ ಬಿದ್ದಷ್ಟು ಸರಾಗವಾಗಿ.

ಫೆಬ್ರವರಿಯ ಕೊನೆಯ ಶುಕ್ರವಾರ ಚುನಾವಣೆಯಾಯಿತು. ಸೋಮವಾರ, ಸಂಚಿಕೆ ನೋಡಿಕೊಳ್ಳುತ್ತಿದ್ದ ಮಿಸ್ ಆರ್ಡ್‌ವೇ ಲೊರೀನಳನ್ನು ಕರೆಸಿದರು. ಮೇಜಿನ ಮೇಲೆ ಹತ್ತು ಚೀಟಿಗಳನ್ನು ಎರಡು ಸಾಲಾಗಿ ಜೋಡಿಸಿದ್ದರು. ಹತ್ತರಲ್ಲೂ ಹುಡುಗಿಯರ ಹೆಸರು ಅವೇ, ಅದೇ ಕ್ರಮದಲ್ಲಿ. ಮೋಸ ಮಾಡಬಲ್ಲವರು ಅಲ್ಲೊಂದು ಇಲ್ಲೊಂದು ಹೆಸರು ಬದಲಿಸುತ್ತಿದ್ದರು. ಲೊರೀನಳಿಗೆ ಅದು ತೋಚಿರಲೇ ಇಲ್ಲ. ತಪ್ಪಾಗದಿರಲೆಂದು ತಾನೇ ಪಟ್ಟಿ ಬರೆದು ಎಲ್ಲರಿಗೂ ಕೊಟ್ಟಿದ್ದಳು.

"ಪರೀಕ್ಷೆಯಾಗಿದ್ರೆ ಇದನ್ನ ಕಾಪಿ ಅಂತಿದ್ದೆ," ಅಂದರು ಮಿಸ್ ಆರ್ಡ್‌ವೇ.

ಲೊರೀನ್ ಸುಳ್ಳು ಹೇಳಲಿಲ್ಲ. ನಡೆದುದನ್ನೆಲ್ಲ ನಡೆದ ಕ್ರಮದಲ್ಲೇ ಒಪ್ಪಿಸಿದಳು. ಮೇಡಂ ಪಟ್ಟಿಯ ಮೇಲೆ ಮತ್ತೊಮ್ಮೆ ಬೆರಳಾಡಿಸಿದರು. ಒಂಬತ್ತು ಬಿರುದು ಸಂಘದ ಒಂಬತ್ತು ಹುಡುಗಿಯರಿಗೆ. ಹತ್ತನೆಯದು, ಮುಂದೆ ಹೆಸರು ಮಾಡುವವಳೆಂಬುದು, ಹೆಟ್ಟಿ ಸ್ಟ್ರೋಗೆ.

"ಇದರಲ್ಲಿ ನಿನ್ನ ಹೆಸರೆಲ್ಲಿ?"

"ನನಗೆ ಕೋಣೆ ಬೇಕಿತ್ತು, ಮಿಸ್. ಕೋಣೆ ಸಿಗದಿದ್ರೆ ಹೆಟ್ಟಿಗೆ ಬೇಜಾರಾಗ್ಬಾರ್ದು ಅಂತ ಅದು."

ಮಿಸ್ ಆರ್ಡ್‌ವೇ ಕನ್ನಡಕ ತೆಗೆದು ಒರೆಸಿದರು. ಶಿಕ್ಷೆ ಅಂತ ಬೇರೇನೂ ಕೊಡಲಿಲ್ಲ. ಚುನಾವಣೆ ರದ್ದು, ಬುಧವಾರ ಹೊಸದಾಗಿ ನಡೆಯುತ್ತದೆ, ತಮ್ಮ ಎದುರಿನಲ್ಲೇ. ವಿಷಯವನ್ನು ಆ ಒಂಬತ್ತು ಹುಡುಗಿಯರಿಗೆ ಲೊರೀನಳೇ ಬಾಯಿಬಿಟ್ಟು ಹೇಳಬೇಕು. ಸಂಘದಲ್ಲಿ ಇರುವವರು ಇರಲಿ, ಹೋಗುವವರು ಹೋಗಲಿ.

ಮಧ್ಯಾಹ್ನ ರೇಡಿಯೊ ಕೋಣೆಯಲ್ಲಿ ಅವಳು ಹೇಳಿದಳು. ಮಾತು ಕೊಟ್ಟಿದ್ದನ್ನು ಉಳಿಸಿಕೊಳ್ಳಲಾರೆ, ಯಾರೂ ಇಲ್ಲಿ ಕೂರಬೇಕಾಗಿಲ್ಲ ಅಂದಳು. ಕೆಲವರು ನಕ್ಕುಬಿಟ್ಟರು. ಒಬ್ಬಳು, ಹಾಗಾದರೆ ನನ್ನ ನಗು ಶುಕ್ರವಾರದಿಂದ ಸೋಮವಾರದವರೆಗೆ ಮಾತ್ರ ಚೆನ್ನಾಗಿತ್ತು ಅಂತಾಯ್ತು ಅಂದಳು. ಓಪಲ್ ನಗಲಿಲ್ಲ. ಕಿವಿಗೆ ಹಾಕಿಕೊಂಡಿದ್ದ ಹೆಡ್‌ಫೋನನ್ನು ಮೆಲ್ಲಗೆ ಮೇಜಿನ ಮೇಲಿಟ್ಟಳು.

"ನಮ್ಮಪ್ಪ ಅಕ್ಕನ ಫೋಟೊ ಪಕ್ಕ ಮೊಳೆ ಹೊಡೆದಾಯ್ತು ಕಣೇ," ಅಂದು ಹೊರಟುಹೋದಳು.

ಬುಧವಾರದ ಚುನಾವಣೆ ನಿಯತ್ತಿನಿಂದ ನಡೆಯಿತು. ಸಂಘದ ಹುಡುಗಿಯರಿಗೆ ಎರಡು ಬಿರುದು ಬಂದವು, ಲೊರೀನಳಿಗೆ ಒಂದೂ ಇಲ್ಲ. ಚೆಂದದ ಕಣ್ಣು ಹೆಟ್ಟಿ ಸ್ಟ್ರೋಗೆ ಹೋಯಿತು. ಚಳಿಗಾಲವಿಡೀ ತಲೆಗೆ ಬಟ್ಟೆ ಸುತ್ತಿಕೊಂಡಿದ್ದವಳಲ್ಲಿ ಎದ್ದು ಕಾಣುತ್ತಿದ್ದುದು ಕಣ್ಣೇ. ಹೆಟ್ಟಿಯೇ ಬೆರಗಾಗಿ ಕೈಗನ್ನಡಿ ಎರವಲು ಕೇಳಿದಳು. ಗುರುವಾರ ಓಪಲ್ ಊಟದ ಮನೆಯಲ್ಲಿ ಬೇರೆ ಮೇಜಿಗೆ ಹೋಗಿ ಇವರ ಕಡೆಗೆ ಬೆನ್ನು ಮಾಡಿ ಕೂತಳು.

ಶುಕ್ರವಾರ ಎರಡನೆಯ ಮಹಡಿಯ ಮೆಟ್ಟಿಲ ಬಳಿ, ಕಿಟಕಿಯ ಬೆಳಕಿನಲ್ಲಿ ಫೋಟೊ ತೆಗೆಯುತ್ತಿದ್ದರು. ರೇಡಿಯೊ ಸಂಘದ ಸರದಿ ಬಂದಾಗ ಟಿಲ್ಲಟ್ಸನ್ ಅವರು ಗಡಿಯಾರ ಹಿಡಿದು ಎಣಿಸಿದರು. ಒಂಬತ್ತು. ಎರಡನೆಯ ಸಲ ಬಲಗಡೆಯಿಂದ ಎಣಿಸಿದರು. ಆಗಲೂ ಒಂಬತ್ತು. ಬಿರುದಿನ ಒಪ್ಪಂದ ಮುರಿದುಬಿದ್ದಿದ್ದರೂ ಎಂಟು ಹುಡುಗಿಯರು ತಾವಾಗಿ ಬಂದು ನಿಂತಿದ್ದರು. ಆದರೆ ನಿಯಮ ಹತ್ತು ಅನ್ನುತ್ತಿತ್ತು. ಅಣ್ಣನಿಗೆ ಹೇಗೆ ಬರೆಯುವುದೆಂದು ಅವಳು ಆಗಲೇ ಮನಸ್ಸಿನಲ್ಲಿ ಸಾಲು ಜೋಡಿಸುತ್ತಿದ್ದಳು.

ಮುಂದಿನ ಸರದಿಗೆ ತನ್ನ ಸಂಘದೊಂದಿಗೆ ಕಾಯುತ್ತಿದ್ದ ಹೆಟ್ಟಿ ಹತ್ತಿರ ಬಂದು ಪಿಸುಗುಟ್ಟಿದಳು. "ನಾನೇ ನಿಂತ್ಕೊಳ್ಲಾ? ಒಂದು ನಿಮಿಷದ ಕೆಲಸ."

ಕೋಣೆ ಕೈಗೆ ಬರುವ ಹೊತ್ತಿನಲ್ಲಿ ಈ ಮಾತನ್ನು ಹೆಟ್ಟಿಯೇ ಆಡಿದ್ದಳು. ಲೊರೀನ್ ಅವಳ ಕೈ ಅದುಮಿ ಬೇಡವೆಂದು ತಲೆಯಾಡಿಸಿದಳು. ಹೆಟ್ಟಿಗೆ ಒಂದಕ್ಷರ ಕುಟ್ಟಲೂ ಬರುತ್ತಿರಲಿಲ್ಲ. ಒಂದು ಸುಳ್ಳುಪಟ್ಟಿ ಆಗಿಹೋಗಿತ್ತು, ಇನ್ನೊಂದು ಬೇಡ.

"ಒಂಬತ್ತೇ, ಸರ್," ಅಂದಳು.

ಟಿಲ್ಲಟ್ಸನ್ ಅವರು ಪಟ್ಟಿಯ ಮೇಲೆ ಪೆನ್ಸಿಲ್ ಇಡುವಷ್ಟರಲ್ಲಿ ಕೆಳಗಿನಿಂದ, ಮೆಟ್ಟಿಲ ಕಬ್ಬಿಣದ ಕಂಬಿಯ ಮೇಲೆ ಸದ್ದು ಕೇಳಿಸಿತು. ಟಕ್, ಟಕ್ ಟಕ್. ಒಂಬತ್ತು ತಲೆಗಳೂ ಒಟ್ಟಿಗೆ ವಾಲಿದವು. ಯಾರೋ ಬಾಯಿಗೆ ಕೈ ಅಡ್ಡ ಹಿಡಿದಳು. ಸದ್ದು ಬಹಳ ಹೊತ್ತು ನಡೆದು ನಿಂತಿತು. ಆಮೇಲೆ ಓಪಲ್ ಯಾರ ಮುಖವನ್ನೂ ನೋಡದೆ ಮೆಟ್ಟಿಲು ಹತ್ತಿ ಬಂದಳು.

"ಏನಮ್ಮ ಅದು?" ಅಂದರು ಟಿಲ್ಲಟ್ಸನ್.

"ಜಾಗ ಬಿಡು ಅಂತಿದಾಳೆ, ಸರ್," ಅಂದಳು ಲೊರೀನ್.

"ಅಷ್ಟಕ್ಕೆ ಅಷ್ಟು ಹೊತ್ತು ಬೇಕಾಯ್ತಾ?"

"ಮೊದಲು ನನ್ನನ್ನ ಬೈದಳು, ಸರ್."

ಟಿಲ್ಲಟ್ಸನ್ ಅವರು ಮೂರನೆಯ ಸಲ ಎಣಿಸಿ ಹತ್ತು ಎಂದು ಬರೆದುಕೊಂಡರು. ಓಪಲ್ ಎಡಗಡೆಯ ಕೊನೆಯಲ್ಲಿ, ಕಿಟಕಿಯ ಬೆಳಕು ನೇರವಾಗಿ ಮುಖಕ್ಕೆ ಬೀಳುವ ಕಡೆ ಜಾಗ ಮಾಡಿಕೊಂಡಳು. ರೆಪ್ಪೆ ಮಿಟುಕಿಸದಿರಲು ಎಣಿಸಿ ಹೇಳಬೇಕೆಂದು ಫೋಟೊದವನಿಗೆ ತಾಕೀತು ಮಾಡಿದಳು. ಅವನು ಮೂರರವರೆಗೆ ಎಣಿಸಿ ಗುಂಡಿ ಒತ್ತಿದ.

ಕೋಣೆ ಉಳಿಯಿತು. ಊಟದ ನಂತರದ ಇಪ್ಪತ್ತು ನಿಮಿಷ ಬಿಟ್ಟು ಉಳಿದ ಹೊತ್ತೆಲ್ಲ ಅದು ಖಾಲಿಯೇ ಇರುತ್ತದೆಂಬುದು ಅಲ್ಲಿಯವರೆಗೆ ಇಬ್ಬರಿಗೂ ಹೊಳೆದಿರಲಿಲ್ಲ. ಶುಕ್ರವಾರ ಸಂಜೆಯೇ ಲೊರೀನ್ ಬೀಗದ ಕೈಯ ನಕಲು ಮಾಡಿಸಿ ಹೆಟ್ಟಿಗೆ ಕೊಟ್ಟಳು. ಓಪಲ್ ಸೋಮವಾರದಿಂದ ಎಂದಿನಂತೆ ಬರತೊಡಗಿದಳು, ಆದರೆ ಲೊರೀನಳೊಡನೆ ಮಾತು ಬಿಟ್ಟಿದ್ದಳು. ಹೇಳಬೇಕಾದ್ದನ್ನೆಲ್ಲ ಕೀಲಿ ಕುಟ್ಟಿಯೇ ಹೇಳುತ್ತಿದ್ದಳು, ಕಿಟಕಿ ಮುಚ್ಚು ಅನ್ನುವುದರಿಂದ ಹಿಡಿದು ನಿನ್ನೆ ನಿನ್ನ ಲಂಗ ಹಿಂದೆ ಬಿಚ್ಚಿತ್ತು ಅನ್ನುವುದರವರೆಗೆ. ಲೊರೀನಳೂ ಕುಟ್ಟಿಯೇ ಉತ್ತರಿಸಬೇಕಾಗುತ್ತಿತ್ತು. ಹೀಗೆ ನಾಲ್ಕು ವಾರ ನಡೆಯಿತು. ಏಪ್ರಿಲ್‌ನಲ್ಲಿ ಓಪಲ್ ಬಾಯಿಬಿಟ್ಟು ಮಾತಾಡುವ ಹೊತ್ತಿಗೆ ಇಬ್ಬರ ವೇಗವೂ ನಿಮಿಷಕ್ಕೆ ಹನ್ನೆರಡು ಪದಕ್ಕೆ ಮುಟ್ಟಿತ್ತು.