ಗ್ಲೂಕೋಸು ಹಾಕದ ಸೊಸೆ

ನನ್ನ ಸೊಸೆ ಮಾತಿನಲ್ಲೂ ಜಿಪುಣಿ, ಕೆಲಸದಲ್ಲೂ ಜಿಪುಣಿ. ದೊಡ್ಡಾಸ್ಪತ್ರೆಯಲ್ಲಿ ಅಪಘಾತವಾಗಿ ಬಂದವರನ್ನು ಮೊದಲು ನೋಡುವ ಡಾಕ್ಟರು ಅವಳು. ಅಲ್ಲಿಯ ಸಿಸ್ಟರುಗಳೇ ಅವಳಿಗೆ 'ಜಿಪುಣಿ ಮೇಡಂ' ಎಂದು ಹೆಸರಿಟ್ಟಿದ್ದಾರೆ. ಬೇರೆ ಡಾಕ್ಟರಾದರೆ ರೋಗಿ ಒಳಗೆ ಬಂದದ್ದೇ ತಡ, ಎರಡೂ ಕೈಗೆ ಎರಡು ಬಾಟಲಿ ಗ್ಲೂಕೋಸ್ ಏರಿಸಿ, ಹೊರಗೆ ನಿಂತ ಮನೆಯವರಿಗೂ ಸಮಾಧಾನ ಮಾಡುತ್ತಾರೆ. ಇವಳು ರಕ್ತಕ್ಕೆ ಹೇಳಿಕಳಿಸಿ, ನಾಡಿ ಹಿಡಿದು ನಿಲ್ಲುತ್ತಾಳೆ. ಜನ ಸುಮ್ಮನಿರುತ್ತಾರೆಯೇ? ಬಾಯಿಗೆ ಬಂದಂತೆ ಬೈದವರಿದ್ದಾರೆ, ತೋಳು ಹಿಡಿದು ಎಳೆದವರೂ ಇದ್ದಾರೆ. ಅವಳು ಜಪ್ಪಯ್ಯ ಅಂದರೂ ಜಗ್ಗುವವಳಲ್ಲ.

ಮನೆಯಲ್ಲಿ ನಾನೂ ಬಿಟ್ಟವಳಲ್ಲ. ಹೊಲಿಗೆ ಅಂಗಡಿ ನಡೆಸಿ ಪಳಗಿದ ಬಾಯಿ ನನ್ನದು, ಸುಮ್ಮನೆ ಕೂರಲು ಅದಕ್ಕೆ ಬಾರದು. "ಅಲ್ವೇ, ಒಂದು ಗ್ಲೂಕೋಸ್ ಹಾಕಿದ್ರೆ ನಿನ್ನ ಗಂಟೇನು ಹೋಗುತ್ತೆ?" ಎಂದು ಊಟದ ಹೊತ್ತಿಗೆ ಕೆಣಕುತ್ತಿದ್ದೆ.

"ನೀವು ಗ್ಲೂಕೋಸ್ ಅನ್ನೋದು ಬರೀ ಉಪ್ಪುನೀರು ಅತ್ತೆ. ರಕ್ತ ಸೋರ್ತಾ ಇರೋರಿಗೆ ನೀರು ತುಂಬಿಸಿದ್ರೆ, ಇರೋ ರಕ್ತಾನೂ ತೆಳ್ಳಗಾಗಿ ಹೆಪ್ಪುಗಟ್ಟಲ್ಲ," ಎನ್ನುತ್ತಿದ್ದಳು.

ಕಲಿಯುವ ದಿನಗಳಲ್ಲಿ ಮೇಲಿನವರು ಹೇಳಿದಂತೆ ಒಬ್ಬ ಲಾರಿ ಡ್ರೈವರಿಗೆ ಬಾಟಲಿಯ ಮೇಲೆ ಬಾಟಲಿ ಏರಿಸಿದ್ದಳಂತೆ. ಬಿ.ಪಿ. ಏರಿತು, ಎಲ್ಲರೂ ಉಸ್ಸೆಂದರು. ಆಮೇಲೆ ಅವನ ಗಾಯದಿಂದ ನೀರಿನಂಥ ರಕ್ತ ಸೋರತೊಡಗಿತು, ನಿಲ್ಲಲೇ ಇಲ್ಲ. ಅವಳು ಮತ್ತೆ ಪುಸ್ತಕ ಹಿಡಿದದ್ದು, ಮೇಲಿನವರ ಜೊತೆ ಜಗಳವಾಡಿದ್ದು, ಆಸ್ಪತ್ರೆಯ ಹಿಂಬದಿಯ ಕಟ್ಟಡದ ರಕ್ತನಿಧಿಯಿಂದ ರಕ್ತ ಬೇಗ ಬರುವಂತೆ ಮಾಡಿಸಿದ್ದು, ಎಲ್ಲ ಆ ಸಾವಿನಿಂದ ಹುಟ್ಟಿದ ಹಠ. ನಾನು ಮಾತ್ರ ಇದನ್ನೆಲ್ಲ ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಡುತ್ತಿದ್ದೆ.

ಹೀಗಿರುವಾಗ ನನ್ನ ತಮ್ಮ ಬಿದ್ದ. ಅವನು ಅಂಗಡಿಗಳ ಬೋರ್ಡು ಬರೆಯುವವನು. ಏಣಿ ಜಾರಿ, ಎಡಪಕ್ಕೆ ಕಬ್ಬಿಣದ ಬೇಲಿಗೆ ಬಡಿದು, ನೆಲಕ್ಕೆ ಉರುಳಿದ್ದ. ಆಂಬುಲೆನ್ಸಿನಲ್ಲಿ ಅವನ ಜೊತೆ ನಾನೇ ಕೂತೆ. ಮೈಮೇಲೆ ಒಂದು ಹನಿ ರಕ್ತವಿಲ್ಲ, ಮುಖ ಮಾತ್ರ ಸುಣ್ಣದ ಹಾಗೆ ಬಿಳಿಚಿತ್ತು. ಆಸ್ಪತ್ರೆಯ ಬಾಗಿಲಲ್ಲಿ ಸೊಸೆಯನ್ನು ಕಂಡಾಗ ನನಗೆ ಹೋದ ಜೀವ ಬಂದಂತಾಯಿತು.

ಅವಳು ಅವನ ತಲೆ, ಕತ್ತು ತಡವಿ ನೋಡಿದಳು. ಹೊಟ್ಟೆಯ ಮೇಲೆ ಸ್ಕ್ಯಾನ್ ಮಾಡಿದಳು. "ಹೊಟ್ಟೆ ಒಳಗೆ ರಕ್ತ ಸೋರ್ತಾ ಇದೆ, ಆಪರೇಷನ್ ಆಗ್ಲೇಬೇಕು," ಎಂದು ಸರ್ಜನ್ನರಿಗೆ ಫೋನು ಮಾಡಿ, ಸಿಸ್ಟರನ್ನು ರಕ್ತಕ್ಕೆ ಓಡಿಸಿದಳು. ಕೈಗೆ ಸೂಜಿ ಚುಚ್ಚಿ, ರಕ್ತ ಹೆಪ್ಪುಗಟ್ಟಲೆಂದು ಒಂದು ಇಂಜೆಕ್ಷನ್ ಕೊಟ್ಟು, ಅಲ್ಲಿಗೆ ನಿಲ್ಲಿಸಿದಳು. ಪಕ್ಕದಲ್ಲಿ ಬಾಟಲಿ ತೂಗುಹಾಕುವ ಸ್ಟ್ಯಾಂಡು ಬೋಳಾಗಿ ನಿಂತಿತ್ತು. ಬಿ.ಪಿ. ಎಂಬತ್ತಕ್ಕೆ ಇಳಿದಿದೆ ಎಂದು ಯಾರೋ ಹೇಳಿದರು.

ನನಗೆ ಮೈಯೆಲ್ಲ ಉರಿದುಹೋಯಿತು. "ನನ್ನ ತಮ್ಮನ ಹತ್ರಾನೂ ಜಿಪುಣತನಾನಾ? ಹಾಕೇ ಬಾಟ್ಲೀನ."

"ಹಾಕಲ್ಲ ಅತ್ತೆ. ಹರಿದ ಜಾಗದಲ್ಲಿ ಈಗ ತಾನೇ ರಕ್ತ ಗಟ್ಟಿಯಾಗ್ತಿದೆ. ಜೋರಾಗಿ ನೀರು ತುಂಬಿಸಿದ್ರೆ ಅದು ಕಿತ್ಕೊಂಡು ಬರುತ್ತೆ. ತಲೆಗೆ ಪೆಟ್ಟಾಗಿದ್ರೆ ಬೇರೆ ಲೆಕ್ಕ ಇರ್ತಿತ್ತು, ಆಗಿಲ್ಲ. ರಕ್ತ ಬರೋವರೆಗೆ ಕಾಯ್ಬೇಕು."

"ಅವನಿಗೇನಾದ್ರೂ ಆದ್ರೆ ನನ್ನ ಮುಖ ನೋಡ್ಬೇಡ ನೀನು."

ಅವಳು ನನ್ನ ಮುಖವನ್ನೇ ನೋಡಿದಳು. ಆಮೇಲೆ ನನ್ನ ಬೆರಳುಗಳನ್ನು ಹಿಡಿದು ತಮ್ಮನ ಮಣಿಕಟ್ಟಿನ ಮೇಲಿಟ್ಟಳು. "ಇಲ್ಲಿ ಬಡೀತಾ ಇದೆಯಲ್ಲ, ಅದು ಸಿಗದೇ ಇದ್ರೆ ಹೇಳಿ, ಆಗ ಮಾತ್ರ ಸ್ವಲ್ಪ ನೀರು ಹಾಕ್ತೀನಿ. ಮಾವನ್ನ ಮಾತಾಡಿಸ್ತಾ ಇರಿ, ಮಾತು ತಡವರಿಸಿದ್ರೂ ಹೇಳಿ. ಬೈಬೇಕು ಅನ್ಸಿದ್ರೆ ಅವರನ್ನೇ ಬೈರಿ."

ನಾಡಿ ನೋಡುವ ಯಂತ್ರ ಅಲ್ಲೇ ಇತ್ತು; ಅರ್ಧ ನನ್ನ ಬಾಯಿ ಮುಚ್ಚಿಸಲೆಂದೇ ಅವಳು ಈ ಉಪಾಯ ಹೂಡಿದ್ದಳು ಎಂದು ಹೊಳೆದದ್ದು ಆಮೇಲೆ. ಆಗ ಬೈದೆ. ಸ್ಕೂಲಿನಲ್ಲಿ ನನ್ನ ಬಣ್ಣದ ಡಬ್ಬಿ ಕದ್ದದ್ದು, ಅಪ್ಪನ ಹತ್ತಿರ ಚಾಡಿ ಹೇಳಿದ್ದು, ಏಣಿಯ ಕಾಲಿಗೆ ರಬ್ಬರು ಹಾಕಿಸು ಎಂದರೆ ಕೇಳದ್ದು, ಒಂದನ್ನೂ ಬಿಡಲಿಲ್ಲ. "ಡಬ್ಬಿ ಕದ್ದಿಲ್ಲ ಅಕ್ಕ, ನೀನೇ ಕೊಟ್ಟಿದ್ದೆ," ಎಂದು ಆ ಸ್ಥಿತಿಯಲ್ಲೂ ಅವನ ವಾದ. ಬೆರಳಡಿಯಲ್ಲಿ ನಾಡಿ ಗುಬ್ಬಿಯ ಎದೆಯಂತೆ ಬಡಿಯುತ್ತಿತ್ತು. ಸ್ವಲ್ಪ ಹೊತ್ತಿಗೆ ಅವನು ಕಣ್ಣು ಕಿರಿದು ಮಾಡಿ ನನ್ನನ್ನು ನೋಡಿ, "ನೀವ್ಯಾರಮ್ಮ?" ಎಂದ. ಬೆರಳಿಗೆ ಏನೂ ಸಿಗಲಿಲ್ಲ.

"ಸಿಗ್ತಿಲ್ಲ ಕಣೇ," ಎಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ.

ಅವಳಿಗೆ ಕೇಳಿಸಿತ್ತು. ಬೆಚ್ಚಗಿಟ್ಟಿದ್ದ ಉಪ್ಪುನೀರಿನ ಪುಟ್ಟ ಬಾಟಲಿಯೊಂದನ್ನು ತೆಗೆದು ಹಚ್ಚಿ, ಕೈಯಿಂದ ಹಿಂಡಿದಳು. ನಾಡಿ ತೆಳ್ಳಗೆ ಮತ್ತೆ ಬೆರಳಿಗೆ ತಾಗಿತು. "ಅಕ್ಕ," ಎಂದ ತಮ್ಮ. ಅವಳು ಆ ಕ್ಷಣವೇ ನಳಿಕೆ ಮುಚ್ಚಿಬಿಟ್ಟಳು. ಬಾಟಲಿಯಲ್ಲಿ ಇನ್ನೂ ಅರ್ಧ ಉಳಿದಿತ್ತು. ಯಾಕೆ ಎಂದು ಕೇಳಲು ಅವಳ ಕಡೆ ತಿರುಗಿದೆ. ಅವಳ ಹಣೆಯಿಂದ ಬೆವರು ಇಳಿಯುತ್ತಿತ್ತು, ಕಣ್ಣು ಬಾಗಿಲಿಗೇ ನೆಟ್ಟಿತ್ತು. ಅವಳಿಗೂ ಹೆದರಿಕೆಯಾಗುತ್ತಿದೆ ಎಂದು ಆಗ ಗೊತ್ತಾಯಿತು. ಅಷ್ಟು ಹೆದರಿಯೂ ಅವಳು ಆ ನಳಿಕೆಯನ್ನು ತೆರೆಯಲಿಲ್ಲ.

ಸಿಸ್ಟರು ಏದುಸಿರು ಬಿಡುತ್ತ ರಕ್ತದ ಚೀಲ ತಂದರು. ಅದನ್ನು ಬೆಚ್ಚಗೆ ಮಾಡಿ ಹರಿಸುತ್ತಲೇ ಅವನನ್ನು ಆಪರೇಷನ್ನಿಗೆ ತಳ್ಳಿಕೊಂಡು ಹೋದರು. ಪಕ್ಕೆಯ ಒಳಗೆ ಒಡೆದಿದ್ದ ಗುಲ್ಮವನ್ನು, ಡಾಕ್ಟರುಗಳು ಸ್ಪ್ಲೀನ್ ಅನ್ನುವುದನ್ನು, ತೆಗೆದುಹಾಕಿ ಹೊರಬಂದ ಸರ್ಜನ್ನರು, "ಉಳ್ಕೊಂಡ್ರು," ಎಂದಾಗ ನಾನು ಗೋಡೆಗೆ ಒರಗಿ ಗಳಗಳನೆ ಅತ್ತುಬಿಟ್ಟೆ.

ಅವನು ಮನೆಗೆ ಬಂದ ಮೇಲೆ ಒಂದು ಸಂಜೆ, ಇಬ್ಬರೂ ಕೂತು ಬಟ್ಟೆ ಮಡಚುತ್ತಿರುವಾಗ ಅವಳನ್ನು ಕೇಳಿದೆ. "ಅವತ್ತು ಅವನು ಹೋಗಿಬಿಟ್ಟಿದ್ರೆ?"

ಅವಳು ಕೈಯಲ್ಲಿದ್ದ ಬಟ್ಟೆಯನ್ನು ಬದಿಗಿಟ್ಟಳು. "ಹೋಗಬಹುದಿತ್ತು ಅತ್ತೆ. ಹೋಗಿದ್ರೆ ನಾನೂ ಅಳ್ತಿದ್ದೆ. ಮಾರನೇ ದಿನ ಬರೋರಿಗೆ ಮತ್ತೆ ಹೀಗೇ ಮಾಡ್ತಿದ್ದೆ."

ಆ ಮಾತು ನನಗೆ ಚುರುಕ್ಕೆಂದಿತು. ನನ್ನ ತಮ್ಮನ ಹೆಣದ ಮುಂದೆ ನಿಂತರೂ ಈ ಹುಡುಗಿ ಬದಲಾಗುತ್ತಿರಲಿಲ್ಲ. ಕೋಪ ಬಂತು, ಬಂದ ಹಾಗೇ ಇಳಿಯಿತು. ಮಗ ಕೆಲಸದಿಂದ ಬಂದದ್ದೇ ಅವನನ್ನು ಕರೆದು ಕೂರಿಸಿ ಹೇಳಿದೆ.

"ನಾಳೆ ನಂಗೇನಾದ್ರೂ ಆದ್ರೆ ಸೀದಾ ನಿನ್ನ ಹೆಂಡ್ತಿ ಹತ್ರ ಕರ್ಕೊಂಡು ಹೋಗು. ಬಾಟ್ಲಿ ಹಾಕು ಅಂತ ನಾನು ಬಡ್ಕೊಂಡ್ರೂ ನನ್ನ ಮಾತು ಕೇಳೋದು ಬೇಡ ಅಂತ ಅವಳಿಗೆ ಹೇಳು. ನೀನು ಹೊರಗೇ ನಿಂತಿರು, ಒಳಗೆ ಹೋಗಿ ಅವಳ ಕೈ ಹಿಡಿದು ತಡೀಬೇಡ."