ಸೊಂಟದ ಮಟ್ಟದ ಮೊಳೆಗಳು

ಮೊದಲ ಪ್ರದರ್ಶನದಲ್ಲಿ ಆ ಹುಡುಗಿಗೆ ಫೋಟೋ ನೇತುಹಾಕಲೂ ಬರಲಿಲ್ಲವೆಂದು, ಆ ಪ್ರದರ್ಶನವನ್ನು ಕೊರಟಗೆರೆಯಲ್ಲಿ ಏರ್ಪಡಿಸಿದ್ದ ಮೇಷ್ಟ್ರು ಈಗಲೂ ಹೇಳಿ ನಗುತ್ತಾರೆ. ನಾನಿದನ್ನು ಒಪ್ಪುವುದಿಲ್ಲ. ಸುತ್ತಿಗೆ ಹಿಡಿದಿದ್ದವಳು ನಾನು. ಸೊಂಟದ ಮಟ್ಟಕ್ಕೇ ಮೊಳೆ ಹೊಡೆ ಎಂದವಳು ಅವಳು, ಬೇಕೆಂದೇ.

ಅವಳು ಪಟ್ಟನಾಯಕನಹಳ್ಳಿ ಕಡೆಯ ಕುರಿಗಾಹಿಗಳ ಮನೆಯ ಹುಡುಗಿ. ಯಾರ ಫೋಟೋ ತೆಗೆಯುವುದಿದ್ದರೂ ಮೊದಲು ಅವರೆದುರು ನೆಲದ ಮೇಲೆ ಕೂತು, "ಒಸಿ ತಡೀರಿ" ಅನ್ನುತ್ತಿದ್ದಳು.

"ಮೇಲಕ್ಕೆ ಹಾಕಮ್ಮ, ಇಲ್ಲಾಂದ್ರೆ ಈ ಗೋಡೆ ಬೇರೆಯವರಿಗೆ ಕೊಡ್ತೀನಿ," ಎಂದರು ಆವತ್ತು ಮೇಷ್ಟ್ರು.

"ಒಸಿ ತಡೀರಿ ಸಾ," ಎಂದಳು. ಮುಷ್ಟಿಯೊಳಗಿನ ಇನ್ನೊಂದು ಮೊಳೆ ತೆಗೆದು ನನ್ನ ಕೈಗಿಟ್ಟಳು.

ಅಷ್ಟರಲ್ಲಿ ಅವಳೂರಿನ ಹೆಂಗಸರು ಬಸ್ಸಿಳಿದು ಬಂದರು. ಮನೆಮುಂದೆ ಕೂರುವಂತೆಯೇ ಚಿತ್ರಗಳೆದುರು ನೆಲದ ಮೇಲೆ ಕೂತರು. ಚಿತ್ರದೊಳಗಿನ ಮುಖಗಳು ಸರಿಯಾಗಿ ಅವರ ಕಣ್ಣೆದುರಿಗೇ ಬಂದವು.

"ಲೇ, ನನ್ ಮಕ ಇಂಗೈತೇನೆ?"

"ಇಲ್ಲ ಕಣೆ, ಇದ್ರಲ್ಲಿ ಒಸಿ ಚೆಂದಾಗೈತೆ."

ಹಾಲ್ ತುಂಬ ನಗು. ಅವಳು ಮಾತ್ರ ತಲೆಯೆತ್ತಿ ಗೋಡೆಗೊರಗಿ ನಿಂತಿದ್ದಳು. ಇವಳ ಗೆಳತಿ ನಾನು ಎಂದು ಆವತ್ತು ನನಗೆ ಹತ್ತಿದ ಜಂಬ ಇನ್ನೂ ಇಳಿದಿಲ್ಲ.

ಮೇಷ್ಟ್ರೇ, ಆ ಹೆಂಗಸರ ಪಕ್ಕ ಚಕ್ಕಂಬಕ್ಕಲ ಹಾಕಿ ಕೂತು ಒಂದೊಂದೇ ಚಿತ್ರ ನೋಡಿದವರು ನೀವೇ ತಾನೆ? ಎದ್ದ ಮೇಲೆ ಮೊಳೆ ಏರಿಸು ಅಂತ ಯಾಕೆ ಹೇಳಲಿಲ್ಲ?