ಶಹಾಬಾದಿನಲ್ಲಿ ಇಳಿದ ಮಧ್ಯಾಹ್ನ

ಎಂಬತ್ತರ ದಶಕದ ಆರಂಭದಲ್ಲಿ ನಾನು ಸೇಡಂ ತಾಲೂಕಿನ ಒಂದು ಹಳ್ಳಿಯ ಆರೋಗ್ಯ ಕೇಂದ್ರದಲ್ಲಿ ಕಂಪೌಂಡರ್ ಆಗಿದ್ದೆ. ಔಷಧಿ ಕೊಡುವುದು ನನ್ನ ಅರ್ಧ ಕೆಲಸ, ತರುವುದು ಇನ್ನರ್ಧ. ತಿಂಗಳಿಗೊಮ್ಮೆ ಗುಲಬರ್ಗಾಕ್ಕೆ ಹೋಗಿ, ಪೋಲಿಯೋ ಹನಿಯ ಸೀಸೆಗಳನ್ನು ಬರಫ್‌ಗಡ್ಡೆ ತುಂಬಿದ ಡಬ್ಬಿಯಲ್ಲಿ ಇಟ್ಟುಕೊಂಡು ರೈಲು ಹತ್ತುತ್ತಿದ್ದೆ. ಶಹಾಬಾದ ದಾಟಿ ವಾಡಿಯಲ್ಲಿ ಇಳಿದು, ಸಿಕಂದರಾಬಾದ್ ಕಡೆಯ ಗಾಡಿ ಹಿಡಿದರೆ ಚಿತ್ತಾಪುರ, ಆಮೇಲೆ ಸೇಡಂ. ಅಲ್ಲಿಂದ ಬಸ್ಸು. ಹನಿ ಬಿಸಿಯಾದರೆ ಕೆಡುತ್ತದೆ, ಕೆಟ್ಟಿದ್ದು ಕಣ್ಣಿಗೆ ಕಾಣುವುದಿಲ್ಲ. ಇದನ್ನು ನನಗೆ ಚೆನ್ನಾಗಿ ಕಲಿಸಿದ್ದರು.

ಆ ದಿನ ಗಾಡಿ ಶಹಾಬಾದಿನಲ್ಲಿ ನಿಂತಾಗ ನನ್ನ ಅಕ್ಕ ಪ್ಲಾಟ್‌ಫಾರ್ಮಿನಲ್ಲೇ ಕಾಯುತ್ತಿದ್ದಳು. ಆಕೆಯ ಗಂಡನಿಗೆ ಅಲ್ಲಿಯ ಕಲ್ಲುಗಣಿಯಲ್ಲಿ ಕೆಲಸ.

"ಇಳಿ, ಇಳಿ. ಹುಡುಗಿ ಮನ್ಯಾಗ ಎಲ್ಲಾರೂ ಕಾಯ್ಲಿಕತ್ತಾರ. ಒಂದು ತಾಸಿನ ಮಾತು" ಎಂದಳು.

"ಅಕ್ಕಾ, ಕೈಯಾಗ ಡಬ್ಬಿ ಅದ. ಬರಫ್ ಕರಗ್ತದ."

"ಡಬ್ಬಿ ಎಲ್ಲಿ ಓಡಿ ಹೋಗ್ತದ? ನಡಿ."

ಹೆಣ್ಣು ನೋಡುವ ಆಸೆ ನನಗೂ ಇತ್ತು. ಅಕ್ಕನ ಒತ್ತಾಯಕ್ಕೆ ಇಳಿದೆ ಎಂದು ಬಹಳ ವರ್ಷ ಹೇಳಿಕೊಂಡೆ. ಅದು ಸುಳ್ಳು.

ಒಂದು ತಾಸು ನಾಲ್ಕು ತಾಸಾಯಿತು. ಊಟಕ್ಕೆ ಹೋಳಿಗೆ, ಮಾವಿನ ಶೀಕರಣೆ. ಡಬ್ಬಿಯಿಂದ ನೀರು ಸೋರಿ ಅವರ ಜಮಖಾನ ತೊಯ್ಯತೊಡಗಿದಾಗ ಮುಜುಗರವಾಗಿ ನಾನೇ ಅದನ್ನೆತ್ತಿ ಹೊರಗಿನ ಕಲ್ಲುಕಟ್ಟೆಯ ಮೇಲೆ ಇಟ್ಟುಬಂದೆ. ಆಗ ಅಲ್ಲಿ ನೆರಳಿತ್ತು. ಮಾತು ಮುಗಿಸಿ ಹೊರಬಂದಾಗ ಕಟ್ಟೆಯ ಮೇಲೆ ಬರಿಗಾಲಿಡಲು ಆಗಲಿಲ್ಲ, ಅಷ್ಟು ಕಾದಿತ್ತು.

ವಾಡಿ ಸ್ಟೇಷನ್ನಿನಲ್ಲಿ ಮುಚ್ಚಳ ತೆಗೆದು ಕೈ ಹಾಕಿದೆ. ನೀರು ಉಗುರುಬೆಚ್ಚಗಿತ್ತು. ಸೀಸೆಗಳ ಚೀಟಿಗಳು ಬಿಚ್ಚಿ ತೇಲುತ್ತಿದ್ದವು. ಗುಲಬರ್ಗಾಕ್ಕೆ ಹಿಂದಿರುಗಿ ಹೋಗಿ "ಕೆಟ್ಟಾವ್ರಿ, ಬ್ಯಾರೆ ಕೊಡ್ರಿ" ಎನ್ನಬಹುದಿತ್ತು. ಎಲ್ಲಿ ತಡವಾಯಿತು ಎಂದು ಕೇಳುತ್ತಿದ್ದರು. ನಾನು ಶರಬತ್ತಿನ ಗಾಡಿಯವನಿಂದ ಬರಫಿನ ತುಂಡು ಕೊಂಡು, ಸೀಸೆಗಳನ್ನು ಧೋತರದ ಅಂಚಿನಲ್ಲಿ ಒರೆಸಿ, ಚೀಟಿಗಳನ್ನು ಒತ್ತಿ ಅಂಟಿಸಿ, ಮತ್ತೆ ತುಂಬಿದೆ. ನೀಟಾಗಿ ತುಂಬಿದೆ.

ನಮ್ಮ ಕೇಂದ್ರದ ನರ್ಸ್ ನನಗಿಂತ ಹತ್ತು ವರ್ಷ ದೊಡ್ಡವರು, ಊರೂರು ನಡೆದು ಎಲ್ಲ ಕೂಸುಗಳ ಹೆಸರು ಬಲ್ಲವರು. ಸಂಜೆ ನನ್ನ ದಾರಿ ಕಾಯುತ್ತಾ ಬಾಗಿಲಲ್ಲೇ ಕೂತಿದ್ದರು. ಡಬ್ಬಿ ತೆಗೆದು ನೋಡಿ ಮುಖ ಅರಳಿಸಿದರು.

"ಈ ಬಿಸಿಲಾಗ ಬರಫ್ ಇಷ್ಟು ಉಳಿಸ್ಕೊಂಡು ಬಂದೀರಲ್ರಿ ಕಂಪೌಂಡರ್ರ! ಭಾಳ ಛಲೋ ಆತು."

ನಾನು ನಕ್ಕೆ.

ಮರುದಿನ ಅವರ ಜೊತೆ ನಾನೂ ಹೋದೆ. ಒಂದು ಮನೆಯಲ್ಲಿ ದರ್ಜಿಯ ಹೆಂಡತಿ ತೊಡೆಯ ಮೇಲಿನ ಹೆಣ್ಣುಕೂಸನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ಆಕೆಗೆ ಹೆದರಿಕೆ.

"ಜ್ವರ ಬರ್ತದಂತಾರ. ಬ್ಯಾಡ್ರಿ ಭಾಯಿಸಾಬ್."

"ಏನೂ ಆಗಲ್ಲ ಆಪಾ. ಈ ಹನಿ ಹಾಕಿದ್ರ ಕೂಸಿನ ಕಾಲು ಗಟ್ಟಿ. ನಾನು ಹೇಳ್ತೀನಲ್ಲ" ಎಂದೆ.

ಸುಮ್ಮನೆ ಡಬ್ಬಿ ಹಿಡಿದು ನಿಲ್ಲಬಹುದಿತ್ತು. ಯಾರೂ ನನ್ನನ್ನು ಮಾತಾಡು ಎಂದಿರಲಿಲ್ಲ. ಆಕೆ ನನ್ನ ಮುಖ ನೋಡಿ ಸೆರಗು ಸರಿಸಿದಳು. ಕೂಸು ಹನಿ ಚಪ್ಪರಿಸಿ ನಕ್ಕಿತು.

ಆ ಮಳೆಗಾಲದಲ್ಲಿ ಅದಕ್ಕೆ ಜ್ವರ ಬಂತು. ಜ್ವರ ಇಳಿದ ಮೇಲೆ ಎಡಗಾಲು ಏಳಲಿಲ್ಲ.

ನನ್ನ ಡಬ್ಬಿಯಿಂದಲೇ ಹೀಗಾಯಿತೆಂದು ಹೇಳಲಾರೆ. ಹನಿ ಸರಿಯಾಗಿದ್ದರೂ ಕೆಲವು ಕೂಸುಗಳಿಗೆ ಹತ್ತುವುದಿಲ್ಲ ಎಂದು ನಮ್ಮ ಕೇಂದ್ರದ ಡಾಕ್ಟರು ಹೇಳಿದರು. ಆ ಮಾತಿನ ಹಿಂದೆ ಅಡಗಿಕೊಂಡೆ. ಆದರೆ ಊರವರು ನರ್ಸ್ ಮೇಲೆ ತಿರುಗಿಬಿದ್ದರು. ಒಬ್ಬ ಮುದುಕಿ ಅವರ ಮುಖದ ಮುಂದೆಯೇ ಬಾಗಿಲು ಹಾಕಿದಳು. ಅವರು ಮಾತ್ರ ಹನಿ ಹಾಕಿದ್ದನ್ನು ಬರೆದಿಡುವ ಹಳೆಯ ಪುಸ್ತಕ ತೆಗೆದು ಮತ್ತೆ ಮತ್ತೆ ನೋಡುತ್ತಿದ್ದರು.

"ಎರಡು ಹನಿ ಹಾಕಿದ್ನೋ, ಒಂದೇ ಹಾಕಿದ್ನೋ? ನಂದೇ ಏನೋ ತಪ್ಪಾಗ್ಯಾದ" ಎಂದರು ಒಮ್ಮೆ. ನಾನು ಪಕ್ಕದಲ್ಲಿ ಮಾತ್ರೆ ಎಣಿಸುತ್ತಾ ಕೂತಿದ್ದೆ. ಎಣಿಸುತ್ತಲೇ ಇದ್ದೆ.

ಎರಡು ವರ್ಷದ ಮೇಲೆ ಅವರಿಗೆ ಚಿಂಚೋಳಿಯ ಕಡೆ ವರ್ಗವಾಯಿತು. ಸೇಡಂ ಬಸ್ ಸ್ಟ್ಯಾಂಡಿನವರೆಗೆ ಟ್ರಂಕು ಹೊತ್ತು ಹೋದೆ. ಬಸ್ಸು ಬರುವ ಮೊದಲು ಎಲ್ಲ ಹೇಳಿಬಿಟ್ಟೆ: ಅಕ್ಕ, ಊಟ, ಕಟ್ಟೆ, ಶರಬತ್ತಿನ ಗಾಡಿ. ಅವರು ಬೈಯಲಿಲ್ಲ. ಇಷ್ಟೇ ಕೇಳಿದರು:

"ಆವತ್ತ ಸಂಜಿಗೆ ಹೇಳಿದ್ರ, ಮುಂದಿನ ತಿಂಗಳು ಎಲ್ಲಾ ಕೂಸುಗಳಿಗೂ ಮತ್ತ ಹಾಕ್ತಿದ್ವಲ್ರಿ. ಅಷ್ಟೇ ಇತ್ತಲ್ಲ?"

ಅಷ್ಟೇ ಇತ್ತು. ಬಸ್ಸು ಬಂದಾಗ ಟ್ರಂಕನ್ನು ಅವರೇ ಎತ್ತಿಕೊಂಡರು. ನನ್ನನ್ನು ಮುಟ್ಟಗೊಡಲಿಲ್ಲ.

ಆಮೇಲೆ ಡಾಕ್ಟರಿಗೂ ಹೇಳಿದೆ. ಅವರು ಮೇಲಿನವರಿಗೆ ಬರೆಯಲಿಲ್ಲ. ವಾಡಿಯಲ್ಲಿ ಡಬ್ಬಿ ತೆರೆದು ನೋಡುವ, ಬರಫ್ ಕರಗಿದ್ದರೆ ವಾಪಸ್ಸು ಒಯ್ಯುವ ಕಟ್ಟುಪಾಡು ಮಾಡಿದರು. ಅದನ್ನು ನಾನು ನಿವೃತ್ತನಾಗುವವರೆಗೆ ಪಾಲಿಸಿದೆ. ಎರಡು ಸಲ ಪೂರ್ತಿ ಡಬ್ಬಿ ಹಿಂದಿರುಗಿಸಿ ಬೈಸಿಕೊಂಡೆ. ಬೈಸಿಕೊಳ್ಳುವುದು ಎಷ್ಟು ಸುಲಭ ಎಂದು ಆಗ ತಿಳಿಯಿತು.

ಶಹಾಬಾದಿನ ಆ ಹುಡುಗಿ ನನ್ನ ಹೆಂಡತಿಯಾದಳು. ತನ್ನನ್ನು ನೋಡಲು ಬಂದ ದಿನದ ಕತೆಯನ್ನು ಆಕೆ ಮಕ್ಕಳಿಗೆ ಹೇಳುವಾಗ ನಾನು ಎದ್ದು ಹೊರಗೆ ಹೋಗುತ್ತೇನೆ. ಸಂಕೋಚ ಎಂದು ಅವರು ನಗುತ್ತಾರೆ.

ದರ್ಜಿಯ ಹೆಂಡತಿಗೆ ಮಾತ್ರ ಹೇಳಲಾಗಲಿಲ್ಲ. ಆಕೆಯ ಮಗಳಿಗೆ ಐದು ವರ್ಷವಾದಾಗ ಗುಲಬರ್ಗಾಕ್ಕೆ ಕರೆದೊಯ್ದು ಕಾಲಿಗೆ ಕಬ್ಬಿಣದ ಪಟ್ಟಿಯ ಬೂಟು ಹಾಕಿಸಿಕೊಟ್ಟೆ. ಹಿಂದಿರುಗಿದ ದಿನ ತಾಯಿ ನನಗೆ ಖುರ್ಚಿ ಹಾಕಿ, ಚಹಾ ಕೊಟ್ಟು, ಎರಡೂ ಕೈ ಹಿಡಿದುಕೊಂಡಳು.

"ನಿಮ್ಮಂಥೋರು ಇದ್ದೀರಂತ ನಮ್ಮಂಥ ಬಡವ್ರು ಬದುಕೀವಿ, ಭಾಯಿಸಾಬ್" ಎಂದಳು.

ಹೇಳಬೇಕೆಂದು ಬಾಯಿ ತೆರೆದೆ. "ಚಹಾ ಛಲೋ ಆಗ್ಯಾದ ಆಪಾ" ಎಂದೆ.